ಚೆಂಬೂರಿನಲ್ಲಿ ‘ಪ್ರವೇಶ’ ಪಡೆದವರು

ಚೆಂಬೂರಿನ ಸರಕಾರಿ ಭಿಕ್ಷುಕರ ಗೃಹಕ್ಕೆ ಪೊಲೀಸರು ತಂದುಬಿಡುವವರನ್ನು ಮಹಾರಾಷ್ಟ್ರ ಸರಕಾರದ ಕಡತಗಳು ಕೈದಿ ಎಂದು ಕರೆಯುವುದಿಲ್ಲ. ಮರಾಠಿಯ ಕಚೇರಿಭಾಷೆಯಲ್ಲಿ ಅವರು ‘ಪ್ರವೇಶಿತ’ರು. ಶಾಲೆಗೋ ಆಸ್ಪತ್ರೆಗೋ ಹೆಸರು ಹಚ್ಚಿ ಒಳಗೆ ಬಂದವರಿಗೆ ಒಪ್ಪುವ ಮಾತು ಇದು. ಹಿಡಿದು ತಂದವರನ್ನು ಮೊದಲು ಕೂಡಿಹಾಕುವ ಜಾಗಕ್ಕೆ ‘ಭಿಕ್ಷೇಕರಿ ಸ್ವೀಕಾರ ಕೇಂದ್ರ’ ಎಂದು ಹೆಸರು. ಆಮೇಲೆ ವರ್ಷಗಟ್ಟಲೆ ಇಡುವ ಜಾಗ ‘ಭಿಕ್ಷೇಕರಿ ಗೃಹ’. ಪ್ರವೇಶ, ಸ್ವೀಕಾರ, ಗೃಹ: ಮೂರೂ ಬೀಗರನ್ನು ಬರಮಾಡಿಕೊಳ್ಳುವ ಮನೆಯ ಮಾತುಗಳು. ಆದರೆ ಈ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ. ಒಳಗಿದ್ದವರು ಹೇಳದೆ ಹೊರಟರೆ ಅದು ತಪ್ಪಿಸಿಕೊಂಡು ಹೋದ ಅಪರಾಧ. ಶಿಕ್ಷೆಗೆ ಶಿಕ್ಷೆಯೆಂಬ ಹೆಸರನ್ನು ತಪ್ಪಿಸಿದಾಗ ಶಿಕ್ಷೆಯ ನೋವು ಕಡಿಮೆಯಾಗುವುದಿಲ್ಲ, ಅದಕ್ಕಿರುವ ಅಳತೆ ಮತ್ತು ತಡೆಗಳು ಮಾತ್ರ ಕಳಚಿಬೀಳುತ್ತವೆ ಎಂಬುದು ನನ್ನ ವಾದ. ಅದಕ್ಕೆ ಮುಂಬಯಿಯಲ್ಲಿ ಚೆಂಬೂರಿಗಿಂತ ಸ್ಪಷ್ಟವಾದ ಸಾಕ್ಷಿ ಬೇರೊಂದಿಲ್ಲ.

ಈ ಗೃಹ ನಡೆಯುವುದು 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆಯ ಬಲದ ಮೇಲೆ. ಭಿಕ್ಷುಕರನ್ನು ಇರಿಸಿಕೊಳ್ಳುವುದು, ತರಬೇತಿ ಮತ್ತು ಉದ್ಯೋಗ ಎನ್ನುವ ಅದರ ಪೀಠಿಕೆ ಅದೇ ಉಸಿರಿನಲ್ಲಿ ಬಂಧನ, ವಿಚಾರಣೆ, ಶಿಕ್ಷೆಯ ಮಾತನ್ನೂ ಆಡುತ್ತದೆ. ಒಳಗಿನ ಕಲಮುಗಳನ್ನು ಒಂದೊಂದಾಗಿ ಓದಿದರೆ ಈ ಎರಡು ನಾಲಿಗೆಯ ಗುಟ್ಟು ತಿಳಿಯುತ್ತದೆ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ನ್ಯಾಯಾಲಯ ಚುಟುಕು ವಿಚಾರಣೆ ನಡೆಸಿ, ಎದುರಿಗಿರುವಾತ ಭಿಕ್ಷುಕನೆಂದು ದಾಖಲು ಮಾಡುತ್ತದೆ. ಇಲ್ಲಿ ಗಮನಿಸಬೇಕು: ಕಳ್ಳತನದ ಮೊಕದ್ದಮೆಯಲ್ಲಿ ನ್ಯಾಯಾಧೀಶರು ತೀರ್ಮಾನಿಸುವುದು ಇಂಥ ದಿನ ಇಂಥ ವಸ್ತುವನ್ನು ಕದ್ದನೋ ಇಲ್ಲವೋ ಎಂಬುದನ್ನು. ಇಲ್ಲಿ ತೀರ್ಮಾನವಾಗುವುದು ಮನುಷ್ಯ ಏನು ಮಾಡಿದ ಎಂಬುದಲ್ಲ, ಅವನು ಏನಾಗಿದ್ದಾನೆ ಎಂಬುದು. ಹಾಗೆ ದಾಖಲಾದವನನ್ನು ಎಚ್ಚರಿಸಿ, ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅವಕಾಶ ಇದೆ. ಬಿಡದಿದ್ದರೆ ಕನಿಷ್ಠ 1 ವರ್ಷ, ಗರಿಷ್ಠ 3 ವರ್ಷ ‘ಪ್ರಮಾಣಿತ ಸಂಸ್ಥೆ’ಯಲ್ಲಿ ವಾಸ. ಬಿಡುಗಡೆಯಾಗಿ ಮತ್ತೆ ಕೈಯೊಡ್ಡಿ ಸಿಕ್ಕಿದರೆ 2ರಿಂದ 3 ವರ್ಷ. ಅದಾದ ಮೇಲೆಯೂ ಸಿಕ್ಕಿದರೆ 10 ವರ್ಷ. ಅದರಲ್ಲಿ 2 ವರ್ಷದವರೆಗಿನ ಅವಧಿಯನ್ನು ನ್ಯಾಯಾಲಯ ನೇರವಾಗಿ ಜೈಲುವಾಸವಾಗಿ ಬದಲಿಸಬಹುದು. ಒಂದು ದಿನದ ಗೃಹವಾಸವನ್ನು ಒಂದು ದಿನದ ಜೈಲಿಗೆ ಸರಿದೂಗಿಸಬಹುದೆಂದು ಕಾಯಿದೆಯೇ ಒಪ್ಪಿಕೊಂಡ ಮೇಲೆ, ಗೃಹವೆಂಬುದು ಏನೆಂದು ಬೇರೆಯವರು ಹೇಳಬೇಕಾಗಿಲ್ಲ.

ಈ ಅಂಕಿಗಳನ್ನು ಅದೇ ಕಾಲದ ಭಾರತೀಯ ದಂಡ ಸಂಹಿತೆಯ ಪಕ್ಕದಲ್ಲಿಟ್ಟು ನೋಡಬೇಕು. ಸಾಧಾರಣ ಕಳ್ಳತನಕ್ಕೆ ಗರಿಷ್ಠ 3 ವರ್ಷ, ಕನಿಷ್ಠವೆಂಬುದೇ ಇರಲಿಲ್ಲ. ನಿರ್ಲಕ್ಷ್ಯದಿಂದ ಒಂದು ಜೀವ ತೆಗೆದವನಿಗೆ ಗರಿಷ್ಠ 2 ವರ್ಷ. ಸುಲಿಗೆಗೆ 10. ಹಾಗಾದರೆ ಮೂರು ಸಲ ಕೈಯೊಡ್ಡಿದವನು ಸುಲಿಗೆಕೋರನ ಸಾಲಿಗೆ ಸೇರಿದ ಹಾಗಾಯಿತು. ಇದಕ್ಕೂ ಮಿಗಿಲಾದದ್ದು 10ನೆಯ ಕಲಮು. ಒಳಗಿರುವವನು ಕುರುಡನೋ ಅಂಗವಿಕಲನೋ ಬೇರೆ ರೀತಿಯಲ್ಲಿ ಗುಣವಾಗದ ಅಸಹಾಯಕನೋ ಆಗಿದ್ದರೆ, ಅವಧಿ ಮುಗಿದ ಮೇಲೂ ಅವನನ್ನು ಅನಿರ್ದಿಷ್ಟ ಕಾಲ ಇಟ್ಟುಕೊಳ್ಳುವಂತೆ ಸರಕಾರ ಆದೇಶಿಸಬಹುದು. ಅದನ್ನು ‘ಶಿಕ್ಷೆ’ ಎಂದು ಬರೆದಿದ್ದರೆ, ಕಣ್ಣಿಲ್ಲದ್ದಕ್ಕೆ ಕೊನೆಮೊದಲಿಲ್ಲದ ಸೆರೆ ವಿಧಿಸುವ ಕಲಮಿಗೆ ಶಾಸನಸಭೆಯಲ್ಲಿ ಒಬ್ಬನಾದರೂ ಎದ್ದುನಿಂತು ಅಡ್ಡಿ ಹೇಳುತ್ತಿದ್ದ. ‘ಆರೈಕೆ’ಯ ಕಡೆಗೆ ವಾಲಿದ ಮಾತಾದ್ದರಿಂದ ಕಲಮು ಸಲೀಸಾಗಿ ದಾಟಿತು.

ಯಾರು ಭಿಕ್ಷುಕ ಎಂಬ ವ್ಯಾಖ್ಯೆಯ ಬಲೆಯೂ ದೊಡ್ಡದು. ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಆಟ ತೋರಿಸುವುದು, ಏನಾದರೂ ಮಾರಲು ಬರುವುದು, ಇವುಗಳ ನೆಪದಲ್ಲಿ ಕಾಸು ಕೇಳಿದರೂ ಭಿಕ್ಷೆಯೇ. ಕಣ್ಣಿಗೆ ಕಾಣುವ ಜೀವನೋಪಾಯ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುತ್ತಿದ್ದರೂ ಸಾಕು. ಸೊಲ್ಲಾಪುರ, ವಿಜಯಪುರದ ಕಡೆಯ ಬೀದಿಗಳನ್ನು ಬಲ್ಲವರಿಗೆ ದುರಗಮುರಗಿಯವರು ಗೊತ್ತು. ಮುಂಬಯಿ ಅವರನ್ನು ಕಡಕ್‌ಲಕ್ಷ್ಮಿ ಎನ್ನುತ್ತದೆ. ಹೆಂಗಸಿನ ತಲೆಯ ಮೇಲೆ ದೇವಿಯ ಪೆಟ್ಟಿಗೆ, ಕೈಯಲ್ಲಿ ಉಜ್ಜಿ ನುಡಿಸುವ ವಾದ್ಯದ ಗುರ್‌ಗುರ್ ಸದ್ದು. ಗಂಡಸು ಬರಿಮೈ, ಬಿಚ್ಚುಗೂದಲು, ಸೊಂಟಕ್ಕೆ ಗೆಜ್ಜೆ. ಚಾವಟಿಯನ್ನು ಗಾಳಿಯಲ್ಲಿ ಚಟಾರೆಂದು ಬೀಸಿ ತನ್ನ ಬೆನ್ನಿಗೆ ತಾನೇ ಬಾರಿಸಿಕೊಂಡು, ಅಂಗಡಿಯೆದುರು ಕೈ ಚಾಚುತ್ತಾನೆ. ಊರಿನ ಪಾಪವನ್ನು ತನ್ನ ಮೈಮೇಲೆ ತೆಗೆದುಕೊಳ್ಳುವವನು ಎಂಬ ನಂಬಿಕೆಯಿಂದ ಜನ ಅಕ್ಕಿ, ಕಾಸು ಹಾಕುತ್ತಾರೆ. ಕಾಯಿದೆಯ ಕಣ್ಣಿಗೆ ಅವನು ಆಟ ತೋರಿಸುವ ನೆಪದಲ್ಲಿ ಭಿಕ್ಷೆಗಿಳಿದವನು. ಸ್ವಂತ ಬೆನ್ನಿಗೆ ಹೊಡೆದುಕೊಳ್ಳುವವನಿಗೆ ಸರಕಾರ ಇನ್ನೊಂದು ಏಟು ಕೊಡುತ್ತದೆ, ಅದಕ್ಕೆ ‘ಪುನರ್ವಸತಿ’ ಎಂದು ಹೆಸರಿಡುತ್ತದೆ.

ಈ ಕಾಯಿದೆ ಎಲ್ಲಿಂದ ಬಂತು? ಇಸವಿಗಳೇ ಹೇಳುತ್ತವೆ. ಬಂಗಾಳದ ಅಲೆಮಾರಿ ಕಾಯಿದೆ 1943ರದು, ಲಕ್ಷಾಂತರ ಜನ ಹಸಿವಿನಿಂದ ಸತ್ತ ಬರಗಾಲದ ವರ್ಷವೇ. ಮೈಸೂರು ಸಂಸ್ಥಾನದ ಭಿಕ್ಷಾಟನೆ ನಿಷೇಧ ಕಾಯಿದೆ 1944. ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳ ಕಾಯಿದೆಗಳು 1945. ಯುದ್ಧ, ಧಾನ್ಯದ ಅಭಾವ, ಊರು ಬಿಟ್ಟು ಪಟ್ಟಣಕ್ಕೆ ಬಂದ ಜನ: ಈ ಮೂರೂ ಕೂಡಿದ ಮೂರು ವರ್ಷಗಳಲ್ಲಿ ದೇಶದ ಬೇರೆ ಬೇರೆ ಮೂಲೆಗಳಲ್ಲಿ ಸರಕಾರಗಳಿಗೆ ಒಂದೇ ಉಪಾಯ ಹೊಳೆಯಿತು. ಇಂದು ಚೆಂಬೂರಿನ ಪಕ್ಕದ ದೇವನಾರದಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೆ.ಎಂ. ಕುಮಾರಪ್ಪ ಭಿಕ್ಷುಕರ ಸಮಸ್ಯೆಯ ಬಗ್ಗೆ ಒಂದು ಸಂಪಾದಿತ ಪುಸ್ತಕವನ್ನು ಹೊರತಂದದ್ದೂ 1945ರಲ್ಲಿಯೇ. 1959ರ ಕಾಯಿದೆ 1945ರ ಮುಂಬಯಿ ಕಾಯಿದೆಯನ್ನು ತೆಗೆದು, ಇಡೀ ಮುಂಬಯಿ ರಾಜ್ಯಕ್ಕೆ ಒಂದೇ ಅಳತೆಯಲ್ಲಿ ಹೊಲಿದದ್ದು. ಅದಕ್ಕೂ ಹಿಂದೆ, 1869 ಮತ್ತು 1874ರಲ್ಲಿ, ಬ್ರಿಟಿಷರು ಬೇರೊಂದು ಅಲೆಮಾರಿ ಕಾಯಿದೆ ಮಾಡಿದ್ದರು. ಅದು ಯುರೋಪಿಯನ್ ಬಡವರಿಗೆ ಮಾತ್ರ. ಬಿಳಿಯ ಭಿಕ್ಷುಕ ಬೀದಿಯಲ್ಲಿ ಕಾಣಿಸಿದರೆ ಆಳುವವರ ಮಾನ ಹೋಗುತ್ತಿತ್ತು, ಆದ್ದರಿಂದ ಅವನನ್ನು ‘ಕೆಲಸದ ಮನೆ’ಗೆ ಹಾಕಿ ಹಡಗು ಹತ್ತಿಸುತ್ತಿದ್ದರು. ಈ ಯೋಚನೆಯ ಬೇರು ಲಂಡನ್ನಿನಲ್ಲಿದೆ. 1553ರಲ್ಲಿ ಆರನೆಯ ಎಡ್ವರ್ಡ್ ದೊರೆ ತನ್ನ ಬ್ರೈಡ್‌ವೆಲ್ ಅರಮನೆಯನ್ನು ನಗರಕ್ಕೆ ಕೊಟ್ಟ. ಅಲ್ಲಿ ಅಲೆಮಾರಿಗಳನ್ನು ದುಡಿಸಿ ‘ತಿದ್ದುವ ಮನೆ’ ನಡೆಯಿತು. ತಿದ್ದುವುದಕ್ಕೆಂದು ಕಟ್ಟಿದ ಮನೆಯ ಹೆಸರು ಮುಂದೆ ಇಂಗ್ಲಿಷಿನಲ್ಲಿ ಜೈಲಿಗೇ ಪರ್ಯಾಯ ಪದವಾಯಿತು.

ಚೆಂಬೂರು ಈ ಗೃಹಕ್ಕೆ ತಕ್ಕ ನೆಲವಾದದ್ದು ಆಕಸ್ಮಿಕವಲ್ಲ. ಶಹರದ ನಡುವೆ ಇಟ್ಟುಕೊಳ್ಳಲಾಗದ್ದನ್ನೆಲ್ಲ ಮುಂಬಯಿ ಈ ಕಡೆಗೆ ತಳ್ಳುತ್ತ ಬಂದಿದೆ: 1927ರಿಂದ ದೇವನಾರದ ಕಸದ ರಾಶಿ, ದೇಶ ಒಡೆದಾಗ ಸಿಂಧಿ ನಿರಾಶ್ರಿತರ ಕ್ಯಾಂಪು, 1950ರ ದಶಕದಲ್ಲಿ ಮಾಹುಲಿನ ಎಣ್ಣೆ ಶುದ್ಧೀಕರಣ ಕಾರಖಾನೆಗಳು, 1971ರಲ್ಲಿ ಕಸಾಯಿಖಾನೆ. ಮಾನಖುರ್ದಿನ ಮಕ್ಕಳ ಗೃಹಗಳೂ ಇದೇ ಸೆರಗಿನಲ್ಲಿವೆ. ಅವುಗಳ ನಡುವೆ ನಮ್ಮ ಕನ್ನಡಿಗರು ಹೊಟೇಲು, ಸಂಘ, ಶಾಲೆ, ಗುಡಿ ಕಟ್ಟಿಕೊಂಡು ಒಳ್ಳೆಯ ಉಪನಗರವನ್ನೇ ಮಾಡಿದರು ಎಂಬುದು ಬೇರೆ ಕಥೆ.

ಇನ್ನು ಭಾಷೆಯ ಮಾತು. ಚೆಂಬೂರಿನ ಕನ್ನಡಿಗನ ಕಿವಿಗೆ ದಿನವೂ ಮೂರು ಭಾಷೆ ಬೀಳುತ್ತವೆ. ಹಿಂದಿಯ ‘ಶಿಕ್ಷಾ’ ವಿದ್ಯೆ. ಮರಾಠಿಯ ‘ಶಿಕ್ಷಾ’ ದಂಡನೆ. ಕನ್ನಡದ ಶಿಕ್ಷೆಯೂ ದಂಡನೆಯೇ, ಶಿಕ್ಷಣ ಮಾತ್ರ ವಿದ್ಯೆ. ಸಂಸ್ಕೃತದ ಒಂದೇ ಪದ ಹೀಗೆ ಕವಲೊಡೆದದ್ದರಲ್ಲಿ ಒಂದು ಹಳೆಯ ನಂಬಿಕೆ ಅಡಗಿದೆ. ‘ತಕ್ಕ ಶಾಸ್ತಿ’ಯ ಶಾಸ್ತಿ, ರಾಜನ ಶಾಸನ, ಓದುವ ಶಾಸ್ತ್ರ, ಓದಲು ಕೂತ ಶಿಷ್ಯ, ಎಲ್ಲವೂ ಒಂದೇ ಧಾತುವಿನ ಮಕ್ಕಳು. ‘ಬುದ್ಧಿ ಕಲಿಸ್ತೀನಿ ನೋಡು’ ಎಂದು ನಾವು ಹೇಳುವಾಗ ಕೈಯಲ್ಲಿ ಪುಸ್ತಕವಿರುವುದಿಲ್ಲ. ಹೊಡೆಯುವುದೂ ಕಲಿಸುವುದೂ ಒಂದೇ ಎಂದುಕೊಂಡ ಮನಸ್ಸಿಗೆ ತರಬೇತಿಯ ಹೆಸರಿನ ಸೆರೆ ವಿಚಿತ್ರವಾಗಿ ಕಾಣದು. ಇದಕ್ಕೆ ಎದುರಾಗಿ ನಮ್ಮಲ್ಲಿ ಇನ್ನೊಂದು ಬಗೆಯ ಮಾತುಗಳಿವೆ. ದಂಡ ಎಂದರೆ ಮೊದಲು ಕೋಲು, ಆಮೇಲೆ ಕೋಲು ಹಿಡಿದವನು ವಸೂಲು ಮಾಡುವ ಹಣ. ರಾಷ್ಟ್ರಕೂಟರ ತಾಮ್ರಪಟಗಳು ಊರನ್ನು ದತ್ತಿ ಬಿಡುವಾಗ ದಂಡ ಮತ್ತು ದಶಾಪರಾಧಗಳ ಹುಟ್ಟುವಳಿಯನ್ನೂ ಸೇರಿಸಿ ಕೊಡುತ್ತವೆ; ಶಿಕ್ಷೆ ಸರಕಾರದ ಆದಾಯ ಎಂಬುದನ್ನು ಅವು ಮುಚ್ಚಿಡುವುದಿಲ್ಲ. ಫಾರಸಿಯಿಂದ ಬಂದ ಸಜೆ, ಜುಲ್ಮಾನೆ, ಬಂದೀಖಾನೆ, ಮರಾಠಿಯ ಬಳಿಯ ನಮ್ಮ ತುರಂಗ, ಅಚ್ಚಗನ್ನಡದ ಸೆರೆ, ಕೋಳ: ಇವೆಲ್ಲ ಕೊರಳಿಗೆ ಬಿದ್ದದ್ದನ್ನು ಬಿದ್ದಹಾಗೆಯೇ ಹೇಳುವ ಮಾತುಗಳು. ‘ಆರು ತಿಂಗಳ ಸಾದಾ ಸಜೆ’ ಎಂದರೆ ಲೆಕ್ಕ ಸಿಗುತ್ತದೆ. ‘ಪುನರ್ವಸತಿಗಾಗಿ ದಾಖಲಿಸಲಾಯಿತು’ ಎಂದರೆ ಏನೂ ಸಿಗುವುದಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಹೆಸರು ಮೃದುವಾದದ್ದೇ ಮಕ್ಕಳನ್ನು ಕಾಪಾಡಲಿಲ್ಲವೇ? ಡೊಂಗ್ರಿಯ ಕಟ್ಟಡವನ್ನೇ ನೋಡಿ. ಕೊಲ್ಹಾಪುರದ ಮಾನಹಾನಿ ಮೊಕದ್ದಮೆಯಲ್ಲಿ 1882ರಲ್ಲಿ ತಿಲಕ ಮತ್ತು ಆಗರಕರ 101 ದಿನ ಕಳೆದ ಜೈಲು ಅದು. ಮುಂಬಯಿ ಮಕ್ಕಳ ಕಾಯಿದೆ 1924ರಲ್ಲಿ ಬಂತು, 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಹುಟ್ಟಿತು, ಜೈಲಿನ ಜಾಗ ರಿಮ್ಯಾಂಡ್ ಹೋಮ್ ಆಯಿತು, ಮುಂದೆ ವೀಕ್ಷಣಾ ಗೃಹ. ಊರು ಬಿಟ್ಟು ಓಡಿಬಂದ ಹುಡುಗನನ್ನು ಕಳ್ಳ ಎಂದು ಕರೆಯದೆ, ದೊಡ್ಡವರ ಜೈಲಿಗೆ ಹಾಕದೆ ಇಟ್ಟದ್ದು ಸಣ್ಣ ಕೆಲಸವಲ್ಲ. ಒಪ್ಪಿದೆ. ಆದರೆ ಅಲ್ಲಿ ಬದಲಾದದ್ದು ಹೆಸರೊಂದೇ ಆಗಿದ್ದಾಗ ಏನಾಯಿತು ಎಂಬುದಕ್ಕೂ ದಾಖಲೆ ಇದೆ. ಪತ್ರಕರ್ತೆ ಶೀಲಾ ಬರ್ಸೆ ಈ ಸೊಸೈಟಿಯ ವೀಕ್ಷಣಾ ಗೃಹಗಳ ಸ್ಥಿತಿಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 1986ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಮಕ್ಕಳನ್ನು ಅಲ್ಲಿ ಬಹುಕಾಲ ಇಡಬಾರದೆಂದು ಹೇಳಿ, ಸೊಸೈಟಿಯೂ ಸಂವಿಧಾನದ ಅರ್ಥದಲ್ಲಿ ಪ್ರಭುತ್ವವೇ ಎಂದಿತು. ಮಕ್ಕಳಿಗೆ ರಕ್ಷಣೆ ಸಿಕ್ಕಿದ್ದು ಗೃಹ ಎಂಬ ಪದದಿಂದಲ್ಲ. ಅವಧಿ, ಮಂಡಳಿ, ಮೇಲ್ಮನವಿ ಎಂಬ ಲೆಕ್ಕಗಳು ಕಾಯಿದೆಯಲ್ಲಿ ಸೇರಿದಾಗ. ಬಾಲ ನ್ಯಾಯ ಕಾಯಿದೆ ಮಗುವಿಗೆ ವಿಶೇಷ ಗೃಹದಲ್ಲಿ 3 ವರ್ಷದ ಮಿತಿ ಹಾಕಿದೆ, ಕಳಂಕ ಹಚ್ಚುವ ಮಾತು ಬಳಸಬಾರದೆಂದೂ ಬರೆದಿದೆ. ಅದೇ ಕಾಯಿದೆಯ 2015ರ ಹೊಸ ರೂಪ 16 ವರ್ಷ ದಾಟಿದ ಮಕ್ಕಳನ್ನು ಘೋರ ಅಪರಾಧಗಳಿಗೆ ದೊಡ್ಡವರಂತೆ ವಿಚಾರಣೆ ಮಾಡಬಹುದೆಂದಿತು. ‘ಕಾನೂನಿನೊಡನೆ ಸಂಘರ್ಷಕ್ಕಿಳಿದ ಮಗು’ ಎಂಬ ನಯವಾದ ನುಡಿಗಟ್ಟು ಹಾಗೆಯೇ ಉಳಿಯಿತು, ಕಾಪು ಮಾತ್ರ ತೆಳುವಾಯಿತು. ಬೀದಿಯ ಭಾಷೆ ಇದಕ್ಕೆಲ್ಲ ಮೋಸ ಹೋಗಿಲ್ಲ. ಹಿಂದಿಯಲ್ಲಿ ಅದು ಇಂದಿಗೂ ‘ಬಚ್ಚಾ ಜೈಲ್’.

ಅಮೆರಿಕದಲ್ಲಿ ಇದೇ ಪ್ರಶ್ನೆ 1967ರಲ್ಲಿ ಇತ್ಯರ್ಥವಾಯಿತು. ಅರಿಜೋನಾದ 15 ವರ್ಷದ ಹುಡುಗ ಜೆರಾಲ್ಡ್ ಗಾಲ್ಟ್ ಪಕ್ಕದ ಮನೆಯಾಕೆಗೆ ಫೋನಿನಲ್ಲಿ ಹೊಲಸು ಮಾತಾಡಿದನೆಂಬ ದೂರು. ದೊಡ್ಡವರು ಅದನ್ನೇ ಮಾಡಿದ್ದರೆ 50 ಡಾಲರಿನವರೆಗೆ ದಂಡ ಇಲ್ಲವೆ ಎರಡು ತಿಂಗಳ ಜೈಲು. ಹುಡುಗನನ್ನು ‘ಕೈಗಾರಿಕಾ ಶಾಲೆ’ಗೆ ಕಳಿಸಿದ್ದರಿಂದ 21 ತುಂಬುವವರೆಗೆ, ಎಂದರೆ ಆರು ವರ್ಷದವರೆಗೆ ಒಳಗಿಡಬಹುದಾಗಿತ್ತು. ಶಾಲೆ ಎಂದು ಕರೆದರೂ ಅದು ಕೂಡಿಹಾಕುವ ಜಾಗವೇ, ಆದ್ದರಿಂದ ವಕೀಲರ ನೆರವು, ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕು ಮಗುವಿಗೂ ಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಹಕ್ಕುಗಳು ಪದಕ್ಕೆ ಹೇಗೆ ಜೋತುಬಿದ್ದಿರುತ್ತವೆ ಎಂಬುದಕ್ಕೆ ಮುಂಬಯಿಯದೇ ಒಂದು ಪ್ರಕರಣ ಸಾಕು. 1949ರ ನವೆಂಬರ್‌ನಲ್ಲಿ ಮಕ್ಬೂಲ್ ಹುಸೇನ್ ಎಂಬಾತ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ 107.2 ತೊಲ ಚಿನ್ನದೊಂದಿಗೆ ಸಿಕ್ಕಿಬಿದ್ದ. ಕಸ್ಟಮ್ಸಿನವರು ಚಿನ್ನ ಮುಟ್ಟುಗೋಲು ಹಾಕಿದರು. ಆಮೇಲೆ ವಿದೇಶಿ ವಿನಿಮಯ ಕಾಯಿದೆಯಡಿ ಮೊಕದ್ದಮೆಯೂ ಬಿತ್ತು. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸಬಾರದೆಂದು ಸಂವಿಧಾನದ 20ನೆಯ ಅನುಚ್ಛೇದ ಹೇಳುತ್ತದಲ್ಲ ಎಂದು ಆತ ವಾದಿಸಿದ. ಕಸ್ಟಮ್ಸ್ ಕಚೇರಿ ನ್ಯಾಯಾಲಯವಲ್ಲ, ಅದು ಚಿನ್ನ ಕಿತ್ತುಕೊಂಡದ್ದು ಸಂವಿಧಾನದ ಅರ್ಥದ ‘ಶಿಕ್ಷೆ’ಯಲ್ಲ ಎಂದು 1953ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತೀರ್ಪು ಕಾನೂನಿನ ತರ್ಕಕ್ಕೆ ಸರಿಯೇ ಇರಬಹುದು. ಆದರೆ ಪದದ ಆಚೆಗೆ ನಿಂತವನಿಗೆ ಆ ಅನುಚ್ಛೇದದ ನೆರಳು ಸಿಗುವುದಿಲ್ಲ ಎಂಬುದನ್ನು ಅದು ಸ್ಪಷ್ಟಮಾಡಿತು. ಕಳ್ಳಸಾಗಣೆಯ ಆರೋಪಿಗೆ ವಕೀಲನನ್ನು ಇಟ್ಟು ವಾದಿಸುವಷ್ಟು ಕಸುವಿತ್ತು. ಚೆಂಬೂರಿನ ‘ಪ್ರವೇಶಿತ’ನಿಗೆ ಅದೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ನೇರವಾದದ್ದು: ಪದದ ಗೊಡವೆ ಬಿಡಿ, ಮುದುಕರಿಗೆ, ಕುಷ್ಠವಾದವರಿಗೆ, ಬುದ್ಧಿ ಭ್ರಮಿಸಿದವರಿಗೆ ಊಟ, ಹಾಸಿಗೆ, ಔಷಧಿ ಸಿಗುತ್ತದಲ್ಲ, ಬಿಟ್ಟರೆ ಫುಟ್‌ಪಾತಿನಲ್ಲಿ ಸಾಯುತ್ತಾರೆ. ಇದಕ್ಕೆ ಉತ್ತರ ನಮ್ಮ ಕನ್ನಡನಾಡಿನಲ್ಲೇ ಇದೆ. ಬೆಂಗಳೂರಿನ ಮಾಗಡಿ ರಸ್ತೆಯ ಭಿಕ್ಷುಕರ ಕಾಲೊನಿಯ ಅಧಿಕೃತ ಹೆಸರು ‘ನಿರಾಶ್ರಿತರ ಪರಿಹಾರ ಕೇಂದ್ರ’. ಅದು 1975ರ ಕರ್ನಾಟಕ ಕಾಯಿದೆಯಂತೆ ನಡೆಯುತ್ತದೆ, ಆಸ್ತಿ ತೆರಿಗೆಯ ಮೇಲೆ ಅದಕ್ಕಾಗಿ ಶೇ. 3ರ ಉಪಕರವನ್ನೂ ಜನ ಕಟ್ಟುತ್ತಾರೆ. 2010ರ ಆಗಸ್ಟಿನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಜನ ಸತ್ತು ರಾಜ್ಯವೇ ತಲೆತಗ್ಗಿಸಿತು. ಹೆಸರಿನಲ್ಲಿ ಪರಿಹಾರವಿದ್ದುದರಿಂದ ಅಲ್ಲಿಯವರೆಗೆ ಒಳಗಿನ ಲೆಕ್ಕ ಕೇಳಿದವರು ಕಡಿಮೆ. ಅನ್ನ, ಔಷಧಿ ಕೊಡಲು ಬೀಗವೇಕೆ? ಬಾಗಿಲು ತೆರೆದಿಟ್ಟ ಧರ್ಮಛತ್ರಕ್ಕೂ ಗುರುದ್ವಾರದ ಲಂಗರಿಗೂ ಜನ ತಾವಾಗಿಯೇ ಬರುತ್ತಾರೆ. 2006ರಿಂದ ಟಾಟಾ ಸಂಸ್ಥೆಯ ‘ಕೋಶಿಶ್’ ಯೋಜನೆ ಈ ಗೃಹಗಳ ಒಳಗಿನವರೊಡನೆ ಕೆಲಸ ಮಾಡುತ್ತ, ಬಂಧನವಿಲ್ಲದೆ ಆಸರೆ ಕೊಡುವ ದಾರಿಗಾಗಿ ವಾದಿಸಿತು. ಕೇಂದ್ರ ಸರಕಾರ 2016ರಲ್ಲಿ ನಿರ್ಗತಿಕರ ರಕ್ಷಣೆಯ ಮಾದರಿ ಮಸೂದೆಯೊಂದನ್ನು ಸಿದ್ಧಪಡಿಸಿತ್ತು, ಅದು ಕಾಯಿದೆಯಾಗಲಿಲ್ಲ.

ಶಿಕ್ಷೆಯೆಂದು ಕರೆದ ಮಾತ್ರಕ್ಕೆ ಈ ಸೆರೆ ನ್ಯಾಯವಾಗಿಬಿಡುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಇಲ್ಲ. ಆದರೆ ಹಾಗೆ ಕರೆದ ಗಳಿಗೆಯಲ್ಲಿ ಅದು ಅಳತೆಗೆ ಸಿಗುತ್ತದೆ: ತಪ್ಪೇನು, ರುಜುವಾತೇನು, ತಪ್ಪಿಗೂ ಅವಧಿಗೂ ತಾಳೆಯೇನು? ದೆಹಲಿ ಹೈಕೋರ್ಟು 2018ರ ಆಗಸ್ಟ್ 8ರಂದು ಮಾಡಿದ್ದು ಇದನ್ನೇ. ದೆಹಲಿಗೂ ವಿಸ್ತರಿಸಿದ್ದ ನಮ್ಮ ಈ ಮುಂಬಯಿ ಕಾಯಿದೆಯನ್ನು ಅದು ಬಡತನವನ್ನು ಅಪರಾಧ ಮಾಡುವ ಶಿಕ್ಷಾ ಕಾಯಿದೆಯೆಂದೇ ಓದಿತು, ಭಿಕ್ಷೆ ಬೇಡುವುದನ್ನು ಅಪರಾಧವಾಗಿಸುವ ಕಲಮುಗಳನ್ನು ರದ್ದುಮಾಡಿತು. ಅದೃಷ್ಟವಶಾತ್ ನ್ಯಾಯಮೂರ್ತಿಗಳು ಬೋರ್ಡಿನ ಮೇಲಿನ ‘ಗೃಹ’ವನ್ನು ಓದಿ ಸುಮ್ಮನಾಗಲಿಲ್ಲ. ಇತ್ತ ದೇಶದ ದೊಡ್ಡ ಕಾಯಿದೆಯ ಹೆಸರೇ ಬದಲಾಗಿದೆ. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದಿದೆ. ಅದರ 4ನೆಯ ಕಲಮಿನಲ್ಲಿ ಮರಣದಂಡನೆಯಿಂದ ಹಿಡಿದು ಜುಲ್ಮಾನೆಯವರೆಗಿನ ಹಳೆಯ ಐದೂ ಶಿಕ್ಷೆಗಳು ಹಾಗೆಯೇ ಇವೆ, ಸಮುದಾಯ ಸೇವೆ ಎಂಬ ಆರನೆಯದು ಸೇರಿದೆ. ಒಳಗಿನ ಪಟ್ಟಿಯನ್ನಾದರೂ ‘ಶಿಕ್ಷೆಗಳು’ ಎಂದೇ ಕರೆದಿದ್ದಾರೆ ಎಂಬುದು ಸಮಾಧಾನ.

ದೆಹಲಿಯ ತೀರ್ಪು ಮಹಾರಾಷ್ಟ್ರಕ್ಕೆ ಅನ್ವಯಿಸುವುದಿಲ್ಲ. 2021ರ ಫೆಬ್ರವರಿಯಲ್ಲಿ ಮುಂಬಯಿ ಪೊಲೀಸರು ಇದೇ 1959ರ ಕಾಯಿದೆಯಡಿ ಭಿಕ್ಷುಕರನ್ನು ಹಿಡಿದು, ನ್ಯಾಯಾಲಯದ ಆದೇಶ ಪಡೆದು, ಚೆಂಬೂರಿನ ‘ಸ್ಪೆಷಲ್ ಹೋಮ್’ಗೆ ಕಳಿಸುವ ಕಾರ್ಯಾಚರಣೆಗೆ ಇಳಿದಿದ್ದರು. ಅಂಥ ಸುದ್ದಿ ಮತ್ತೆ ಬಂದಾಗ ಮುಂಬಯಿಯ ಕನ್ನಡ ಪತ್ರಿಕೆಗಳು ‘ಸ್ಥಳಾಂತರ’, ‘ಪುನರ್ವಸತಿ’ ಎಂದು ಪೊಲೀಸ್ ಪ್ರಕಟಣೆಯ ಮಾತನ್ನೇ ಅಚ್ಚುಹಾಕದೆ, ಇಷ್ಟು ಜನರನ್ನು ಬಂಧಿಸಿದರು, ಇಷ್ಟು ಅವಧಿಗೆ ಸೆರೆಯಲ್ಲಿಟ್ಟರು ಎಂದು ಬರೆಯಲಿ.